ತೋಪಿನಲ್ಲಿ ಬಿಟ್ಟ ಗಾಡಿ

"ಗಾಲಿ ಎಲ್ಲಿ?" ಎಂದಳು ಮುನಿತಾಯಮ್ಮ.

ನೆಲಮಂಗಲದ ಬಸ್ ಶೆಡ್ಡಿನ ಹಿಂದೆ, ಎಕ್ಕದ ಗಿಡಗಳ ನಡುವೆ, ಆ ಹಳೇ ಬಸ್ಸು ಕಲ್ಲುಗಳ ಮೇಲೆ ಕೂತಿತ್ತು. ತೇಗದ ಮರದ ಮೈ, ಎಲ್ಲೂ ಗೆದ್ದಲು ಹಿಡಿದಿರಲಿಲ್ಲ. ಕಿಟಕಿಗೆ ಇಳಿಬಿಟ್ಟ ಟಾರ್ಪಾಲು ಕೂಡ ಗಟ್ಟಿಯಾಗಿತ್ತು. ಮಾರುವವನಾದ ಬುಡನ್ ಸಾಬಿ, ಹೆಣ್ಣು ನೋಡಲು ಬಂದವರ ಮುಂದೆ ಮಗಳನ್ನು ಹೊಗಳುವ ತಂದೆಯ ಹಾಗೆ, ಅದರ ಮೈ ತಟ್ಟಿ ತಟ್ಟಿ ಹೊಗಳುತ್ತಿದ್ದ. ಗಾಲಿಯ ಮಾತು ಬಂದದ್ದೇ ತಟ್ಟುವುದು ನಿಂತಿತು.

"ಗಾಲಿ ಯಾಕಮ್ಮಾ ನಿಮಗೆ? ಒಳಗಡೆ ಅಡಿಗೆ ಮಾಡ್ಕೊಂಡು ಇರ್ತೀನಿ ಅಂದ್ರಲ್ಲ? ಲಡಾಯಿ ಟೈಮಲ್ಲಿ ಟಯರ್ ಎಲ್ಲಾ ಹೋಗ್ಬಿಡ್ತು. ಈ ಕಡೆ ನಿಂತಿರೋ ಹಳೇ ಬಸ್ಸು ಯಾವ್ದಕ್ಕೂ ಕಾಲಿಲ್ಲ."

"ಕಾಲಿಲ್ದಿದ್ರೆ ನಂಗೆ ಬ್ಯಾಡ."

"ಓಡಿಸ್ತೀರಾ?"

"ಓಡ್ಸಾಕೇನು ಬರ್ತೈತೆ ನಂಗೆ? ಆದ್ರೂ ಗಾಲಿ ಇರ್ಬೇಕು."

ಬುಡನ್ ಸಾಬಿ ಅವಳ ಜೊತೆ ಬಂದಿದ್ದ ಎತ್ತಿನಗಾಡಿಯ ಚಿಕ್ಕಬೀರಪ್ಪನ ಮುಖ ನೋಡಿದ. ಈ ಹೆಂಗಸಿಗೆ ತಲೆ ನೆಟ್ಟಗಿದೆಯಾ ಎಂಬ ಪ್ರಶ್ನೆ ಆ ನೋಟದಲ್ಲಿತ್ತು. ಚಿಕ್ಕಬೀರಪ್ಪ ತನ್ನ ಎತ್ತುಗಳ ಮುಖ ನೋಡಿದ.

ಮುನಿತಾಯಮ್ಮನ ತಲೆ ನೆಟ್ಟಗೇ ಇತ್ತು. ಕರೇಸಂದ್ರದಲ್ಲಿ ಬಹಳ ಜನಕ್ಕೆ ಅದೇ ತೊಂದರೆಯಾಗಿತ್ತು. ಅವಳನ್ನು ನಂದಗುಡಿ ಕಡೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳಿಗೆ ತಾಳಿ ಕಟ್ಟಿ ಕರೆತಂದ ದಿನ, ಹೊಸಬಳಿಗೆ ಆರತಿ ಎತ್ತು ಎಂದು ಅತ್ತೆ ತಟ್ಟೆ ಕೈಗಿಟ್ಟಾಗ, ತಟ್ಟೆಯನ್ನು ಹೊಸಿಲ ಮೇಲಿಟ್ಟು ಹಾಗೇ ದಾಟಿಕೊಂಡು ತವರಿಗೆ ಬಂದುಬಿಟ್ಟಿದ್ದಳು. ತವರೆಂದರೆ ಬಾಶೆಟ್ಟಿಹಳ್ಳಿಯಾಚೆಯ ಕರೇಸಂದ್ರದಲ್ಲಿ ಅಣ್ಣ ವೆಂಕಟರಾಯಪ್ಪನ ಮನೆ. ಅಲ್ಲಿ ಕೊಟ್ಟಿಗೆಯ ಪಕ್ಕ ಒಂದು ಮೂಲೆ ಸಿಕ್ಕಿತು. ಕೆಲಸವಂತೂ ಮನೆ ತುಂಬ ಸಿಕ್ಕಿತು. ಅತ್ತಿಗೆ ಗಂಗಲಕ್ಷ್ಮಮ್ಮ ಒಳ್ಳೆಯ ಮಾತಾಡಿದವಳಲ್ಲ, ಕೆಟ್ಟ ಮಾತಾಡಿದವಳೂ ಅಲ್ಲ. ಆ ಮನೆಯಲ್ಲಿ ಮಾತಿನ ಗುತ್ತಿಗೆ ವೆಂಕಟರಾಯಪ್ಪನೊಬ್ಬನದೇ. ಅವನು ಊಟಕ್ಕೆ ಕೂತಾಗಲೆಲ್ಲ "ನಮ್ಮನೇಲಿ ಇದೀಯ, ಎರಡು ಹೊತ್ತು ಉಣ್ತಾ ಇದೀಯ" ಎನ್ನುತ್ತಿದ್ದ. ಹೊಡೆದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಆ "ನಮ್ಮನೇಲಿ" ಎಂಬ ಮಾತು ಮಾತ್ರ ಅವಳ ಗಂಟಲಲ್ಲಿ ಮುದ್ದೆ ಇಳಿಯಗೊಡುತ್ತಿರಲಿಲ್ಲ.

ತನ್ನದೇ ಒಂದು ಸೂರು ಕಟ್ಟಿಕೊಳ್ಳುತ್ತೇನೆಂದು ಅವಳು ಹೊರಟಳು. ಜೋಯಿಸ ನರಸಿಂಹಯ್ಯನವರ ಹತ್ತಿರ ಗುದ್ದಲಿ ಪೂಜೆಗೆ ದಿನ ಕೇಳಲು ಹೋದಳು. ಅವರು ಪಂಚಾಂಗವನ್ನು ಮುಟ್ಟಲೇ ಇಲ್ಲ.

"ಪೂಜೆಗೆ ದಂಪತಿಗಳು ಕೂರಬೇಕು ಕಣಮ್ಮ. ಗಂಡ ಬದುಕಿರೋವಾಗ ನೀನೊಬ್ಳೇ ಹೇಗೆ ಕೂತ್ಕೋತೀಯ? ಅವನಿಗೆ ಹೇಳಿ ಕಳಿಸು. ಬಂದು ಅರ್ಧ ಗಂಟೆ ಪಕ್ಕದಲ್ಲಿ ಕೂತಿದ್ದು ಎದ್ದು ಹೋಗ್ಲಿ."

"ಅರ್ಧ ಗಳಿಗೇನೂ ಬ್ಯಾಡ, ಸ್ವಾಮಿ," ಎಂದು ಅವಳು ಎದ್ದು ಬಂದಳು.

ಪೂಜೆಯಿಲ್ಲದೆ ಮಣ್ಣು ಕಡಿದರೆ ಊರಿಗೇ ಕೇಡು ಎಂದು ಪಟೇಲ ಅಪ್ಪಯ್ಯಣ್ಣ ತೀರ್ಮಾನ ಹೇಳಿದ. ಪಕ್ಕದಲ್ಲಿ ನಿಂತು ಹೂಂಗುಟ್ಟಿದವನು ವೆಂಕಟರಾಯಪ್ಪ. ಎಲ್ಲರೂ ಅಲ್ಲಿಗೆ ಮುಗಿಯಿತೆಂದುಕೊಂಡರು. ಮುನಿತಾಯಮ್ಮ ಮಾತ್ರ ಸಗಣಿ ತಟ್ಟುತ್ತಾ ಯೋಚಿಸುತ್ತಲೇ ಇದ್ದಳು. ಮಣ್ಣು ಕಡಿಯದೆ ಮನೆ ಮಾಡಿಕೊಳ್ಳುವುದು ಹೇಗೆ?

ಊರ ಮುಂದೆ, ದೊಡ್ಡಬಳ್ಳಾಪುರದ ರಸ್ತೆಗೆ ಅಂಟಿಕೊಂಡು ಗುಂಡುತೋಪಿತ್ತು. ಅಲ್ಲಿ ಗಾಡಿ ಬಿಟ್ಟವರನ್ನು ಯಾರೂ ಎಬ್ಬಿಸಬಾರದು ಎಂಬುದು ಹಿಂದಿನಿಂದ ನಡೆದುಬಂದ ಕಟ್ಟಳೆ. ಉಪ್ಪಿನ ಗಾಡಿಯವರು, ಮಡಕೆ ಗಾಡಿಯವರು ಬಂದು ಬಿಡುತ್ತಿದ್ದರು. ಒಂದು ಸಲ ದೊಂಬರಾಟದವರು ಸಂಕ್ರಾಂತಿಗೆ ಗಾಡಿ ಬಿಟ್ಟು, ಯುಗಾದಿ ಹೋಳಿಗೆ ತಿಂದು ಎದ್ದು ಹೋಗಿದ್ದರು. ಯಾರೂ ಚಕಾರ ಎತ್ತಿರಲಿಲ್ಲ. ಗಾಡಿಗೆ ಬುನಾದಿ ಇಲ್ಲ. ಬುನಾದಿ ಇಲ್ಲದ ಮೇಲೆ ಪೂಜೆ ಇಲ್ಲ. ಪೂಜೆ ಇಲ್ಲದ ಮೇಲೆ ಗಂಡನೆಂಬ ಆ ಮನುಷ್ಯನ ಮುಖ ನೋಡಬೇಕಾದ್ದೂ ಇಲ್ಲ. ಬೆಂಗಳೂರಿನ ವಕೀಲರಾದರೂ ಇದನ್ನು ಇಷ್ಟು ಸಲೀಸಾಗಿ ಹೇಳುತ್ತಿರಲಿಲ್ಲ. ಆದರೆ ಕಮಾನು ಗಾಡಿಯಲ್ಲಿ ಬಗ್ಗಿ ಕೂರಬಹುದೇ ಹೊರತು ನಿಲ್ಲುವ ಹಾಗಿಲ್ಲ. ಬಗ್ಗಿ ಬಗ್ಗಿ ಅವಳಿಗೆ ಸಾಕಾಗಿತ್ತು. ತಲೆ ಎತ್ತಿ ನಿಲ್ಲುವಂಥ ಗಾಡಿ ಅಂದರೆ ಬಸ್ಸು.

ಹೀಗಾಗಿ ಹುಡುಕಾಟ. ನೆಲಮಂಗಲದ ತೇಗದ ಬಸ್ಸು ಬಿಟ್ಟು ಬರುವಾಗ ಅವಳಿಗೆ ಹೊಟ್ಟೆ ಉರಿಯಿತು. ಹೊಸಕೋಟೆಯಲ್ಲೊಂದು ಬಸ್ಸಿಗೆ ಗಾಲಿ ಇದ್ದವು, ಆದರೆ ನೆಲವೇ ಇರಲಿಲ್ಲ. ಒಳಗೆ ಕೋಳಿಗಳು ಸಂಸಾರ ಹೂಡಿದ್ದವು. ದೇವನಹಳ್ಳಿಯಲ್ಲಿದ್ದದ್ದನ್ನು ಅವರು ಹೋಗುವ ಹಿಂದಿನ ದಿನ ಸೌದೆ ಮಾಡಿದ್ದರು. ಹೋದಲ್ಲೆಲ್ಲ ಚಿಕ್ಕಬೀರಪ್ಪನನ್ನೇ ಯಜಮಾನನೆಂದು ತಿಳಿದು ಮಾತಾಡಿಸುತ್ತಿದ್ದರು. ಅವನು ಕೈಯಾಡಿಸಿ, "ನನ್ನದೇನಿದ್ರೂ ಎತ್ತು, ಬಸ್ಸು ಅವ್ರದು" ಎನ್ನುತ್ತಿದ್ದ.

ಕೊನೆಗೆ ಸಿಕ್ಕಿದ್ದು ದೊಡ್ಡಬಳ್ಳಾಪುರದಲ್ಲೇ, ಪಿಳ್ಳಣ್ಣ ಎಂಬುವನ ಎಣ್ಣೆ ಗಾಣದ ಹಿಂದೆ. ನೋಡಲು ಅಷ್ಟು ಕುರೂಪದ ಬಸ್ಸು ಆ ಸೀಮೆಯಲ್ಲಿ ಇನ್ನೊಂದಿರಲಿಕ್ಕಿಲ್ಲ. ಪೆಟ್ರೋಲಿಗೆ ಬರ ಬಂದಾಗ ಇದ್ದಿಲ ಹೊಗೆಯಲ್ಲಿ ಓಡಿಸಿದ್ದರಿಂದ ಬೆನ್ನೆಲ್ಲ ಮಸಿ. ಇಂಜಿನ್ನು ಬಿಚ್ಚಿ ಮಾರಿಯಾಗಿತ್ತು. ಟಯರುಗಳ ಒಳಗೆ ಗಾಳಿಯ ಬದಲು ಹುಲ್ಲು ತುರುಕಿದ್ದರು. ಆದರೆ ಗಾಲಿಗಳಿದ್ದವು. ತಿರುಗಿಸಿದರೆ ಕಿರುಗುಟ್ಟಿಕೊಂಡು ತಿರುಗುತ್ತಲೂ ಇದ್ದವು.

ಮುನಿತಾಯಮ್ಮ ಸೆರಗು ಸಿಕ್ಕಿಸಿಕೊಂಡು ಬಸ್ಸಿನಡಿ ತೂರಿದಳು. ಕುಡುಗೋಲಿನ ತುದಿಯಿಂದ ಹಲಗೆಗಳನ್ನು ಚುಚ್ಚಿ ನೋಡಿದಳು. ಆಮೇಲೆ ಒಳಗೆ ಹತ್ತಿ ನಡುವೆ ನೆಟ್ಟಗೆ ನಿಂತಳು. ತಲೆ ಸೂರಿಗೆ ತಾಗಲಿಲ್ಲ. ಎರಡೂ ಕೈ ಚಾಚಿದಳು, ಕೈಗೂ ಏನೂ ತಾಗಲಿಲ್ಲ. ಅವಳಿಗೆ ಅಳು ಬಂದುಬಿಟ್ಟಿತು. ಅತ್ತರೆ ಬೆಲೆ ಏರುತ್ತದೆಂದು ತಡೆದುಕೊಂಡು, ಮುಖ ಗಂಟು ಹಾಕಿಕೊಂಡು ಇಳಿದು ಬಂದಳು.

"ಬರೀ ಮಸಿ," ಎಂದಳು.

"ತೊಳ್ಕೊಳವ್ವ," ಎಂದ ಪಿಳ್ಳಣ್ಣ.

ಅವ್ವ ಸಾಯುವ ಮುಂಚೆ ಅವಳ ಪಾಲಿಗೆಂದು ಬಿಟ್ಟುಹೋದ ಒಂದು ಎಮ್ಮೆ ಅವಳ ಹತ್ತಿರವಿತ್ತು. ಎಮ್ಮೆ ಗಾಣದ ಮನೆಗೆ ಹೋಯಿತು, ಬಸ್ಸು ಕರೇಸಂದ್ರಕ್ಕೆ ಬಂತು. ಪಿಳ್ಳಣ್ಣನೇ ತನ್ನದೊಂದು ಜೊತೆ ಎತ್ತು ಕೊಟ್ಟ. ಚಿಕ್ಕಬೀರಪ್ಪನ ಜೊತೆಯೂ ಸೇರಿ ಹಗ್ಗ ಕಟ್ಟಿ ಎಳೆದವು. ಸ್ಟೇರಿಂಗು ಹಿಡಿದು ಕೂತದ್ದು ಮುನಿತಾಯಮ್ಮ. ಯಾವ ಕಡೆ ತಿರುಗಿಸಿದರೆ ಯಾವ ಕಡೆ ಹೋಗುತ್ತದೆಂದು ತಿಳಿಯುವಷ್ಟರಲ್ಲಿ ಎರಡು ಬೇಲಿ ಮುರಿದಿದ್ದವು. "ಎಮ್ಮೆ ಕೊಟ್ಟು ಬಸ್ಸು ತಂದವ್ಳೆ, ಇನ್ನು ಬಸ್ಸಿನ ಹಾಲು ಕರೀತಾಳೆ" ಎಂದು ಅರಳಿಕಟ್ಟೆಯ ಮೇಲೆ ಎಷ್ಟೋ ದಿನ ನಕ್ಕರು. ಅವಳು ಮಸಿ ಉಜ್ಜಿ ತೊಳೆದಳು. ಸೀಟುಗಳನ್ನು ಕಿತ್ತು, ಕಿಟಕಿ ಪಕ್ಕದ ಉದ್ದ ಬೆಂಚೊಂದನ್ನು ಮಲಗಲು ಉಳಿಸಿಕೊಂಡಳು. ಕಂಡಕ್ಟರು ನಿಲ್ಲುತ್ತಿದ್ದ ಕಡೆ ಒರಳು ಇಟ್ಟಳು. ಮೊದಲ ದಿನ ಸೊಪ್ಪಿನ ಸಾರು, ಮುದ್ದೆ ಮಾಡಿ ಬೆಂಚಿನ ಮೇಲೆ ಕೂತು ಉಂಡಳು. ಮುದ್ದೆ ಗಂಟಲಲ್ಲಿ ಸಲೀಸಾಗಿ ಇಳಿಯಿತು.

ನಗುವುದೆಲ್ಲ ಮುಗಿದ ಮೇಲೆ ಊರಿಗೆ ಸಿಟ್ಟು ಬಂತು. ಮಳೆ ಬಿದ್ದು ನೆಲ ಮೆತ್ತಗಾಗಿದ್ದ ಒಂದು ಬೆಳಿಗ್ಗೆ ಪಟೇಲ ಅಪ್ಪಯ್ಯಣ್ಣ ನಾಲ್ಕು ಜನರನ್ನು ಕಟ್ಟಿಕೊಂಡು ತೋಪಿಗೆ ಬಂದ. ಹಿಂದೆ ಕೈಕಟ್ಟಿಕೊಂಡು ವೆಂಕಟರಾಯಪ್ಪ, ಅವನ ಹಿಂದೆ ಜೋಯಿಸರು.

"ತೋಪಲ್ಲಿ ಮನೆ ಮಾಡೋ ಹಂಗಿಲ್ಲ ಕಣಮ್ಮ. ತೆಗಿ," ಎಂದ ಪಟೇಲ.

"ಮನೆ ಎಲ್ಲೈತೆ ಪಟೇಲ್ರೇ? ಇದು ಗಾಡಿ. ಗಾಡಿ ಬಿಟ್ಟಿವ್ನಿ."

"ಗಾಡಿ ಅಂದ್ರೆ ಹೋಗ್ಬೇಕು. ಇದು ಹೋಗ್ತೈತಾ?"

"ಹೋಗ್ತೈತೆ."

"ಹಂಗಾದ್ರೆ ಹೊತ್ತು ಮುಳುಗೋದ್ರೊಳಗೆ ಹೊಂಡ್ಸು, ನೋಡಾನ. ಹೋದ್ರೆ ಗಾಡಿ. ಹೋಗ್ಲಿಲ್ಲ ಅಂದ್ರೆ ಒಡೆದು ಸೌದೆ ಹಾಕಿಸ್ತೀನಿ."

ಊರಲ್ಲಿ ಯಾರೂ ಎತ್ತು ಕೊಡಬಾರದೆಂದು ವೆಂಕಟರಾಯಪ್ಪ ಆಗಲೇ ಮನೆಮನೆಗೂ ಹೇಳಿ ಬಂದಿದ್ದ. ಪಿಳ್ಳಣ್ಣನ ಎತ್ತುಗಳು ಎಣ್ಣೆ ಹೇರಿಕೊಂಡು ಹಿಂದೂಪುರದ ಸಂತೆಗೆ ಹೋಗಿದ್ದವು. ಉಳಿದದ್ದು ಚಿಕ್ಕಬೀರಪ್ಪನ ಒಂದೇ ಜೊತೆ. ಅವನು ಯಾರ ಮುಖವನ್ನೂ ನೋಡದೆ ಹಗ್ಗ ಬಿಗಿದ. ಎತ್ತುಗಳು ಮಂಡಿಯೂರಿ ಎಳೆದವು. ಬಸ್ಸು ಅಲುಗಲಿಲ್ಲ. ಹುಲ್ಲು ತುಂಬಿದ ಗಾಲಿಗಳು ಕೆಸರಲ್ಲಿ ಹೂತುಹೋಗಿದ್ದವು.

"ಸಾಕು ಬಿಡೇ. ಮರ್ಯಾದೆಯಾಗಿ ಮನೆಗೆ ಬಾ, ಯಾರೂ ಏನೂ ಅನ್ನಲ್ಲ," ಎಂದ ಅಣ್ಣ. ದನಿ ಮೆತ್ತಗಿತ್ತು. ಅದನ್ನು ಕೇಳಿ ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಅವಳು ಒಳಗೆ ಹೋಗಿ ಒರಳನ್ನು ಉರುಳಿಸಿ ಹೊರಗೆ ತಳ್ಳಿದಳು. ಪಾತ್ರೆ, ಮಡಕೆ, ರಾಗಿ ಮೂಟೆ, ಬಟ್ಟೆಯ ಟ್ರಂಕು, ಒಂದೊಂದನ್ನೇ ತಂದು ಮರದ ಬುಡದಲ್ಲಿಟ್ಟಳು. ಸಂಸಾರವೆಲ್ಲ ಊರ ಕಣ್ಣ ಮುಂದೆ ಬಿದ್ದಿತ್ತು. ಹಳೇ ರವಿಕೆಯೊಂದನ್ನು ನೋಡಿ ಯಾರೋ ಕಿಸಕ್ಕೆಂದರು. ನಗಲಿ ಎಂದುಕೊಂಡಳು. ಗುದ್ದಲಿ ತೆಗೆದುಕೊಂಡು ಗಾಲಿಯ ಮುಂದಿನ ಕೆಸರನ್ನು ಕಡಿಯತೊಡಗಿದಳು.

"ಮಣ್ಣು ಕಡೀತಾ ಇದ್ದಾಳಲ್ರೀ!" ಎಂದರು ಜೋಯಿಸರು.

"ಇದಕ್ಕೂ ಗಂಡನ್ನ ಕರೆಸ್ಬೇಕಾ ಸ್ವಾಮಿ?" ಎಂದು ಅವಳು ತಲೆಯೆತ್ತದೆ ಕೇಳಿದಳು.

ಕಡಿದ ಕಡೆ ಹೊಂಗೆ ಸೊಪ್ಪು ಹಾಸಿದಳು. ಸಾಲದೆಂದು ಹೊದೆಯುವ ಕಂಬಳಿಯನ್ನೇ ತಂದು ಗಾಲಿಯ ಬಾಯಿಗೆ ತುರುಕಿದಳು. ಆಮೇಲೆ ಹಿಂದಕ್ಕೆ ಹೋಗಿ ಹೆಗಲು ಕೊಟ್ಟಳು.

"ಎಬ್ಬು ಬೀರಣ್ಣ!"

"ಹೋ! ಹೋ! ಬಾ ನನ್ನಪ್ಪ!" ಎಂದ ಚಿಕ್ಕಬೀರಪ್ಪ.

ಕಾಲು ಜಾರಿ ಅವಳು ಮಂಡಿ ಮೇಲೆ ಬಿದ್ದಳು. ಮತ್ತೆ ಎದ್ದು ಹೆಗಲು ಕೊಟ್ಟಳು. ಎಲ್ಲೋ ಅಡಿಯಲ್ಲಿ ಮರ ಲಟಕ್ಕೆಂದಿತು. ಮುರಿದೇಹೋಯಿತೆಂದುಕೊಂಡಳು. ಮುರಿದಿರಲಿಲ್ಲ. ಬಸ್ಸು ಒಮ್ಮೆ ಹಿಂದಕ್ಕೆ ವಾಲಿ, ಕಂಬಳಿಯನ್ನು ಕೆಸರಲ್ಲಿ ಹೂತು, ಮುಂದಕ್ಕೆ ಏರಿತು. ಏರಿದ್ದೇ ಗಟ್ಟಿ ನೆಲ ಸಿಕ್ಕಿ ಉರುಳತೊಡಗಿತು. ಮುನಿತಾಯಮ್ಮ ಕೆಸರುಗಾಲಲ್ಲೇ ಓಡಿ, ಮುಂದೆ ಹತ್ತಿ, ಸ್ಟೇರಿಂಗು ಹಿಡಿದಳು.

"ಆಯ್ತು ಕಣಮ್ಮ ಆಯ್ತು, ಗಾಡೀನೇ!" ಪಟೇಲ ಪಕ್ಕದಲ್ಲಿ ಓಡುತ್ತಾ ಕೂಗಿದ. "ನಿಲ್ಸು, ಸಾಕು!"

"ನಿಂತಿದ್ರೆ ಹೋಗು ಅಂತೀರ, ಹೋದ್ರೆ ನಿಲ್ಸು ಅಂತೀರ. ಹೊರಟಿದ್ದು ಹೊರಟಾಯ್ತು, ಊರು ಸುತ್ತಿ ಬರ್ತೀನಿ."

ಬಸ್ಸು ಊರೊಳಗೆ ನುಗ್ಗಿತು. ದೊಡ್ಡ ಬೀದಿಯೂ ಅದಕ್ಕೆ ಕಿರಿದೇ. ಸೂರಿನ ಅಂಚು ಮನೆಗಳ ಹೆಂಚಿಗೆ ತಾಗಿತಾಗಿ ಹೋಯಿತು. ಜಗಲಿಯ ಮೇಲಿದ್ದವರು ಕಾಲು ಮೇಲಕ್ಕೆಳೆದುಕೊಂಡರು. ನಾಯಿಗಳು ಹಿಂದೆ ಬಿದ್ದವು. ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದರು. ಮುನಿತಾಯಮ್ಮ ಯಾರನ್ನೂ ನೋಡಲಿಲ್ಲ. ಎಷ್ಟೋ ವರ್ಷ ಅದೇ ಬೀದಿಯಲ್ಲಿ ತಲೆ ತಗ್ಗಿಸಿ ಬಿಂದಿಗೆ ಹೊತ್ತಿದ್ದಳು. ಈಗ ಎಲ್ಲರ ತಲೆಗಿಂತ ಮೇಲೆ ಕೂತಿದ್ದಳು. ಅದು ಅವಳಿಗೆ ಬಹಳ ಹಿತವಾಗಿತ್ತು.

ಬೀದಿಯ ಕೊನೆಗೆ ವೆಂಕಟರಾಯಪ್ಪನ ಮನೆ. ಗಂಗಲಕ್ಷ್ಮಮ್ಮ ಜಗಲಿಯ ಮೇಲೆ ಮೊರದಲ್ಲಿ ರಾಗಿ ಆರಿಸುತ್ತಿದ್ದಳು. ಬಸ್ಸು ಬರುವುದನ್ನು ಕಂಡು ಮೊರ ಹಿಡಿದೇ ಎದ್ದು ಬೀದಿಗಿಳಿದಳು. ಮೊರವನ್ನು ಸೊಂಟಕ್ಕೆ ಒತ್ತಿಕೊಂಡು, ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಜನ ನಿಲ್ಲುವ ಹಾಗೆ ನಿಂತು, ಬಲಗೈ ಅಡ್ಡ ಚಾಚಿದಳು.

ಚಿಕ್ಕಬೀರಪ್ಪ ಹಗ್ಗ ಜಗ್ಗಿದ. ಬಸ್ಸು ನಿಂತಿತು.

"ಎಲ್ಲಿಗೆ ಹೋಗ್ತೈತೆ?" ಎಂದಳು ಗಂಗಲಕ್ಷ್ಮಮ್ಮ.

"ಎಲ್ಲಿಗೂ ಇಲ್ಲ ಅತ್ತಿಗೆ. ಸುತ್ಕೊಂಡು ತೋಪಿಗೇ."

"ಜಾಗ ಐತಾ?"

ಮುನಿತಾಯಮ್ಮ ಬೆಂಚಿನ ಕಡೆ ತಿರುಗಿ ನೋಡಿದಳು. "ಐತೆ," ಎಂದಳು.

"ಅಕ್ಕಾ, ಎತ್ತು ಸೋತವೆ, ಭಾರ ಆಗ್ತೈತೆ," ಎಂದು ಚಿಕ್ಕಬೀರಪ್ಪ ಮೆಲ್ಲಗೆ ಹೇಳಿದ.

"ಆಗ್ಲಿ ಬಿಡು ಬೀರಣ್ಣ," ಎಂದಳು ಮುನಿತಾಯಮ್ಮ.

ಅಷ್ಟರಲ್ಲಿ ವೆಂಕಟರಾಯಪ್ಪ ಏದುಸಿರು ಬಿಡುತ್ತಾ ಓಡಿಬಂದ. ಅವನ ಪಂಚೆಯೆಲ್ಲ ಕೆಸರಾಗಿತ್ತು. "ಏಯ್, ಏನೇ ಇದು, ಬೀದೀಲಿ ನಿಂತ್ಕೊಂಡು? ಒಳಕ್ಕೆ ಹೋಗೇ!"

"ಒಳಕ್ಕೇ ಹೋಗ್ತಾ ಇವ್ನಿ," ಎಂದಳು ಗಂಗಲಕ್ಷ್ಮಮ್ಮ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿದಳು.

ಬೆಂಚಿನ ಮೇಲೆ ಕಿಟಕಿಯ ಪಕ್ಕ ಕೂತು ಮೊರವನ್ನು ತೊಡೆಯ ಮೇಲಿಟ್ಟುಕೊಂಡಳು. ಎತ್ತುಗಳು ಎಳೆದವು, ಬಸ್ಸು ಹೊರಟಿತು. ಗಂಗಲಕ್ಷ್ಮಮ್ಮ ರಾಗಿಯಲ್ಲಿದ್ದ ಕಲ್ಲು ಆರಿಸಿ, ಒಂದೊಂದನ್ನೇ ಕಿಟಕಿಯಿಂದಾಚೆ ಎಸೆಯುತ್ತಾ ಕೂತಳು.