ಗಾಳೆಮ್ಮನ ತುರುಬಿನ ಕಸ

ತೀರಿಕೊಂಡ ತಾಯಿ ಗಾಳೆಮ್ಮನ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಗಂಗೋತ್ರಿ ಇನ್ನೇನು ತುರುಬು ಕಟ್ಟಬೇಕು, ಅಷ್ಟರಲ್ಲಿ ದೊಡ್ಡಪ್ಪ ಬಾಗಿಲಲ್ಲಿ ಬಂದು ನಿಂತ. ಹೆಸರು ಮೂಕಣ್ಣ, ಆದರೆ ಆ ಮನೆತನದಲ್ಲಿ ಹುಟ್ಟಿಗೂ ಸಾವಿಗೂ ಅವನದೇ ಮಾತು. ಅವನ ಕಣ್ಣು ಹೆಣಕ್ಕಿಂತ ಮೊದಲು ಪಕ್ಕದಲ್ಲಿದ್ದ ಖಾಲಿ ಮೊರದ ಮೇಲೆ ಬಿತ್ತು.

"ಆ ಮೊರ ಯಾಕ?"

"ಹೂವು ಹರಕೊಂಡು ಬರಾಕ, ದೊಡ್ಡಪ್ಪ. ಅವ್ವಗ ಮುಡಿಸ್ಬೇಕು."

"ಗಂಡ ಸತ್ತಾಕಿ ತಲಿಗೆ ಹೂವಾ? ಕೊರಳಿಗೆ ಹೊಸಪೇಟಿಂದ ಹಾರ ತರ್ಸೀನಿ, ಅಷ್ಟು ಸಾಕು. ತಲಿಗೆ ಹೂವು ಇಟ್ಟಿ ಅಂದ್ರ ನಮ್ಮ ಮಂದಿ ಯಾರೂ ಹೆಗಲು ಕೊಡಂಗಿಲ್ಲ, ನೋಡು."

ಮೂಲೆಯಲ್ಲಿ ಕೂತಿದ್ದ ಅವನ ಅಕ್ಕ ಉಚ್ಚೆಂಗಮ್ಮ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಅವಳೂ ಗಂಡನನ್ನು ಕಳಕೊಂಡವಳೇ. ಹೂವು ಮುಡಿದದ್ದು ಯಾವ ಕಾಲದಲ್ಲೋ, ಅವಳಿಗೇ ಮರೆತುಹೋಗಿತ್ತು.

ಗಂಗೋತ್ರಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಆಸ್ಪತ್ರೆಯಲ್ಲಿ ಅವ್ವ ಕೇಳಿಕೊಂಡದ್ದು ಇಷ್ಟೇ: "ಬೋಳು ತುರುಬಿನ್ಯಾಗ ನನ್ನ ಕಳಿಸ್ಬ್ಯಾಡವ್ವ." ಇವಳು ಹೂಂ ಎಂದಿದ್ದಳು. ಸಾಯುವವರಿಗೆ ಕೊಟ್ಟ ಹೂಂ ಅದು, ವಾಪಸು ತಗೊಳ್ಳುವಂಥದ್ದಲ್ಲ.

*

ಗಾಳೆಮ್ಮ ಚೋರನೂರಿನ ಹೊಲಗಳಿಗೆ ಕಳೆ ತೆಗೆಯುವ ಕೂಲಿಗೆ ಹೋಗುತ್ತಿದ್ದಳು. ಮಿಕ್ಕವರು ಕಿತ್ತ ಕಳೆಯನ್ನು ಬದುವಿಗೆ ಎಸೆದರೆ, ಇವಳು ಹೂ ಬಿಟ್ಟದ್ದನ್ನು ಬೇರುಸಮೇತ ಉಡಿಯಲ್ಲಿ ಕಟ್ಟಿಕೊಂಡು ಸಂಡೂರಿನ ಮನೆಗೆ ತರುತ್ತಿದ್ದಳು. ಮನೆಯ ಹಿತ್ತಲು ಗುಡ್ಡಕ್ಕೆ ಅಂಟಿಕೊಂಡಿತ್ತು. ಹಿತ್ತಲು ಎಲ್ಲಿ ಮುಗಿಯಿತು, ಅಡವಿ ಎಲ್ಲಿ ಶುರುವಾಯಿತು ಎಂದು ಮೇಯುವ ಆಡುಗಳಿಗೂ ತಿಳಿಯುತ್ತಿರಲಿಲ್ಲ. ಮುತ್ತುಗ, ಹೊಂಗೆಗಳ ನೆರಳಲ್ಲಿ ಆ ಕಳೆಗಳನ್ನು ನೆಟ್ಟು, ಪಾತ್ರೆ ತೊಳೆದ ನೀರು ಹೊಯ್ಯುತ್ತಿದ್ದಳು. ಶಿವರಾತ್ರಿ ಕಳೆದು ಊರೆಲ್ಲ ಅದಿರಿನ ಧೂಳಿನಿಂದ ಕೆಂಪಾಗಿರುವಾಗ ಅವಳ ಹಿತ್ತಲಿನ ನೆಲ ಮಾತ್ರ ನೀಲಿ, ಹಳದಿ, ಬಿಳಿಯಾಗಿರುತ್ತಿತ್ತು.

ಗಂಡ ಜಂಬುನಾಥ್ ತೀರಿಕೊಂಡ ವರ್ಷ ಮೂಕಣ್ಣ ಅದನ್ನೆಲ್ಲ ನೋಡಿ ಮುಖ ಕಿವಿಚಿದ್ದ.

"ಇವೇನು ಹೂವಾ? ಹೆಸ್ರಿಲ್ಲ, ವಾಸ್ನಿ ಇಲ್ಲ, ದೇವ್ರಿಗೂ ಏರಂಗಿಲ್ಲ. ಕಸ. ಕಿತ್ತು ಒಗಿ."

ಗಾಳೆಮ್ಮ ಕಿತ್ತಳು, ಆದರೆ ಒಗೆಯಲಿಲ್ಲ. ಮಾರನೆಯ ದಿನ ಕೂಲಿಗೆ ಹೊರಟಾಗ ಅವಳ ತುರುಬಿನಲ್ಲಿ ಪುಟ್ಟದೊಂದು ನೀಲಿ ಹೂವಿತ್ತು. ಓಣಿಯೆಲ್ಲ ನೋಡಿತು. ಮೂಕಣ್ಣ ಅಡ್ಡ ಬಂದು ನಿಂತ.

"ಏನದು ತಲಿಯಾಗ?"

"ಕಸ, ಭಾವ. ನೀವೇ ಹೇಳಿದ್ರಲ್ರಿ."

ಆಡಿದ ಮಾತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಅವನು ಹೊರಟುಹೋದ. ಅಂದಿನಿಂದ ಅವಳ ತುರುಬು ಬರಿದಾಗಿದ್ದನ್ನು ಯಾರೂ ಕಾಣಲಿಲ್ಲ. ಜೊತೆಗಾತಿಯರು ಹೂವಿನ ಹೆಸರು ಕೇಳಿದರೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಯಾಕೆಂದು ಮಗಳಿಗೆ ಒಮ್ಮೆ ಹೇಳಿದ್ದಳು: "ಹೆಸ್ರು ಇಟ್ರ ಅದು ಹೂವಾಗತೈತಿ. ಹೂವಾದ್ರ ನನಗಿಲ್ಲ."

*

ಗಂಗೋತ್ರಿ ಮೊರ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಗಂಡ ಲಿಂಗರಾಜ್ ಹಿಂದೆಯೇ ಬಂದ. ಒಳ್ಳೆಯ ಮನುಷ್ಯ, ಕಷ್ಟ ಬಂದಾಗಲೆಲ್ಲ ಫೋನ್ ತೆಗೆಯುವುದು ಅವನ ಅಭ್ಯಾಸ.

"ಒಂದು ಫೋಟೋ ತಗದ್ರ ಸಾಕು, ಇದು ಯಾವ ಹೂವು ಅಂತ ಫೋನೇ ಹೇಳತೈತಿ. ಔಷಧಿ ಗಿಡ ಅಂತ ಬಂದ್ರ ದೊಡ್ಡಪ್ಪ ಒಪ್ಪಬಹುದು," ಎನ್ನುತ್ತ ನೀಲಿ ಹೂವಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಪರದೆಯ ಮೇಲೆ ಹೆಸರು ಮೂಡುವ ಮೊದಲೇ ಗಂಗೋತ್ರಿ ಅದಕ್ಕೆ ಅಂಗೈ ಮುಚ್ಚಿದಳು.

"ಬ್ಯಾಡ. ಹೆಸ್ರು ಓದಬ್ಯಾಡ್ರಿ."

"ಯಾಕ?"

"ಹೆಸ್ರು ಗೊತ್ತಾಗೋತನ ಅಷ್ಟೇ ಅದು ನಮ್ಮವ್ವಂದು."

ಹಿತ್ತಲಲ್ಲಿ ಅರಳಿದ್ದನ್ನೆಲ್ಲ ಬಗೆಗೊಂದರಂತೆ ಬಿಡಿಸಿಕೊಂಡು, ಅಂಗಳದಲ್ಲಿ ಮಣ್ಣಿಗೆ ಬಂದ ಮಂದಿಯ ನಡುವೆ ಕೂತಿದ್ದ ಮೂಕಣ್ಣನ ಮುಂದೆ ಮೊರ ಹಿಡಿದಳು.

"ದೊಡ್ಡಪ್ಪ, ನೀವು ಹಿರೇರು. ಇದ್ರಾಗ ಹೂವು ಯಾವ್ದು, ಕಸ ಯಾವ್ದು, ಆರಿಸಿ ಹೇಳ್ರಿ. ಹೂವು ಅಂದಿದ್ದನ್ನ ನಾ ಅವ್ವಗ ಇಡಂಗಿಲ್ಲ."

ಹಿರಿತನಕ್ಕೆ ಮರ್ಯಾದೆ ಸಿಕ್ಕಿತೆಂದು ಮೂಕಣ್ಣ ಹಿಗ್ಗಿದ. ಒಂದೊಂದೇ ಎತ್ತಿ ತೀರ್ಪು ಕೊಟ್ಟ.

"ಇದು ತುಂಬಿ, ಶಿವಗ ಏರತೈತಿ. ಹೂವು. ಇದು ತಂಗಡಿ, ಹೂವು. ಇದು ಮುತ್ತಗ, ಇದೂ ಹೂವೇ."

ಆಮೇಲೆ ನೀಲಿ ಹೂವು ಅವನ ಬೆರಳಿಗೆ ಬಂತು. ತಿರುಗಿಸಿ ನೋಡಿದ. ಮೂಸಿದ. ಇನ್ನೊಮ್ಮೆ ತಿರುಗಿಸಿದ. ಮಂದಿ ಕಾಯುತ್ತಿದ್ದರು.

"ಗೊತ್ತಾಗ್ಲಿಲ್ಲೇನು ಮಾವ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಗೊತ್ತಿಲ್ಲ ಎನ್ನುವ ಮಾತನ್ನು ಮೂಕಣ್ಣ ಜನ್ಮದಲ್ಲಿ ಆಡಿದವನಲ್ಲ.

"ಗೊತ್ತಿಲ್ದೇ ಏನು? ಇದು ಕಸ."

ಹೇಳಿದ ಮೇಲೆ ಅವನ ಬಾಯಿ ತೆರೆದೇ ಉಳಿಯಿತು. ಅದೇ ಗುಂಡಿಗೆ ಎರಡನೇ ಸಲ ಬಿದ್ದಿದ್ದ.

"ಇನ್ನೊಮ್ಮಿ ಹೇಳ್ರಿ ದೊಡ್ಡಪ್ಪ," ಎಂದಳು ಗಂಗೋತ್ರಿ. ಅವಳ ಕಣ್ಣಲ್ಲಿ ಈಗ ನೀರು ಇಳಿಯುತ್ತಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಹೆಗಲು ಕೊಡೋರಿಗೆಲ್ಲ ಕೇಳ್ಸಲಿ."

"ಕಸ ಅಂದೆನಲ್ಲವ್ವ," ಎಂದ ಮೂಕಣ್ಣ ತಲೆ ತಗ್ಗಿಸಿ.

ಅವಳು ಹಿತ್ತಲಿಗೆ ಹೋಗಿ ಮೊರದ ತುಂಬ ಕಸ ಬಿಡಿಸಿ ತಂದಳು. ಗಾಳೆಮ್ಮನ ತುರುಬು ನೀಲಿಯಲ್ಲಿ ಮುಳುಗಿಹೋಯಿತು. ಚಟ್ಟದ ಮುಂದಿನ ಬೊಂಬಿಗೆ ಮೂಕಣ್ಣನೇ ಹೆಗಲು ಕೊಟ್ಟ. ಕೊಡದಿರಲು ಅವನಿಗೆ ನೆಪ ಉಳಿದಿರಲಿಲ್ಲ.

ಮಣ್ಣು ಮುಗಿಸಿ ಗಂಡಸರು ಮರಳಿದಾಗ ಉಚ್ಚೆಂಗಮ್ಮ ಹೊಸ್ತಿಲ ಮುಂದೆ ತಂಬಿಗೆ ಹಿಡಿದು ನಿಂತಿದ್ದಳು. ಕಾಲು ತೊಳೆಯಲು ಬಂದ ಮೂಕಣ್ಣ ತಲೆಯೆತ್ತಿ ನೋಡಿ ಅಲ್ಲೇ ನಿಂತ. ಅಕ್ಕನ ಸೆರಗು ತಲೆಯಿಂದ ಹೆಗಲಿಗೆ ಇಳಿದಿತ್ತು. ಹೂವು ನಿಲ್ಲುವಷ್ಟು ಕೂದಲು ಅವಳಿಗೆ ಉಳಿದಿರಲಿಲ್ಲ. ನೀಲಿಯದೊಂದನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡಿದ್ದಳು.

"ಏನಕ್ಕಾ ಅದು?"

"ಕಸ," ಎಂದಳು ಉಚ್ಚೆಂಗಮ್ಮ. "ಕಾಲು ಮುಂದ ಮಾಡು."

ಅವಳು ಬಗ್ಗಿ ನೀರು ಹೊಯ್ದಳು. ಕಿವಿಯ ಮೇಲಿನ ನೀಲಿ ಅಲುಗಿತು, ಬೀಳಲಿಲ್ಲ.