ಕಾಲಿಗೆ ಕಟ್ಟಿದ ರಾಗಿ

ಚೊಂಬಿನ ನೀರು ಹುಯ್ಯುತ್ತಿದ್ದ ಕೈ ಅಲ್ಲೇ ನಿಂತಿತು.

"ಅಯ್ಯೋ, ಇದೇನ್ರವ್ವ ಕಾಲಲ್ಲಿ?" ಎಂದಳು ವರಲಕ್ಷ್ಮಮ್ಮ.

ಹಿತ್ತಿಲಲ್ಲಿ ಸೀರೆ ಮರೆಕಟ್ಟಿ ಹೆಂಗಸರು ಅಮ್ಮಯಮ್ಮನ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದರು. ಮುದುಕಿಯ ಬಲಗಾಲಿನಲ್ಲಿ, ಗೆಜ್ಜೆ ಕಟ್ಟುವ ಜಾಗಕ್ಕೆ, ಹೂಬಟ್ಟೆಯ ಉದ್ದನೆ ಚೀಲವೊಂದನ್ನು ಬಿಗಿದಿತ್ತು. ಒಳಗೆ ಗಟ್ಟಿಯಾಗಿ ತುಂಬಿದ ರಾಗಿ.

ವರಲಕ್ಷ್ಮಮ್ಮ ಸತ್ತವಳ ಒಬ್ಬಳೇ ಮಗಳು. ನೆಲಮಂಗಲದಿಂದ ನಿನ್ನೆಯೇ ಬಂದು ಅತ್ತೂ ಅತ್ತೂ ಗಂಟಲು ಕಟ್ಟಿಸಿಕೊಂಡಿದ್ದಳು. ಆದರೂ ತಮ್ಮನ ಹೆಂಡತಿಯನ್ನು ಬೈಯುವಷ್ಟು ದನಿ ಎಲ್ಲಿಂದಲೋ ಬಂತು.

"ಸಾಯೋ ಹೊತ್ನಲ್ಲೂ ಬಿಡ್ಲಿಲ್ವೇನೇ ಜ್ಯೋತಿ? ಮುರಿದ ಸೊಂಟದೋಳ ಕಾಲಿಗೆ ಭಾರ ಕಟ್ಟಿ ಜೀತ ಮಾಡಿಸ್ದಲ್ಲೇ! ಅವಳ ಪಾಡಿಗೆ ಮಲಗೋಕ್ ಬಿಟ್ಟಿದ್ರೆ ನಿನ್ ಗಂಟೇನು ಹೋಗ್ತಿತ್ತು?"

ಚೀಲ ಹೊಲಿದವಳು ಜ್ಯೋತಿಯೇ, ಅದರಲ್ಲಿ ಸುಳ್ಳಿಲ್ಲ. ಆದರೆ ನಿನ್ನೆ ಕೆಲಸಕ್ಕೆ ಹೊರಡುವ ಮುಂಚೆ ಬಿಚ್ಚಿ ಗೂಟಕ್ಕೆ ಸಿಕ್ಕಿಸಿದ್ದಳಲ್ಲ! ಇಲ್ಲವೇ ಗಾರ್ಮೆಂಟ್ಸ್ ವ್ಯಾನ್ ಬಂತೆಂಬ ಗಡಿಬಿಡಿಯಲ್ಲಿ ಮರೆತು ಓಡಿದಳೋ? ಇಡೀ ದಿನ ಆ ಜೀವ ಭಾರ ಹೊತ್ತೇ ಕೂತು, ಹೊತ್ತೇ ಹೋಯಿತೋ?

*

ಬಚ್ಚಲಲ್ಲಿ ಜಾರಿ ಬಿದ್ದು, ದೊಡ್ಡಬಳ್ಳಾಪುರದಲ್ಲಿ ಆಪರೇಷನ್ ಆಗಿ, ಸೊಂಟಕ್ಕೆ ರಾಡು ಹಾಕಿಸಿಕೊಂಡು ತನ್ನೂರು ಮಧುರೆಗೆ ಬಂದವಳೇ ಅಮ್ಮಯಮ್ಮ ಹಾಸಿಗೆ ಹಿಡಿದುಬಿಟ್ಟಿದ್ದಳು. "ನಂದಾಯ್ತು ಬಿಡೇ," ಎಂದು ಗೋಡೆಯ ಕಡೆ ತಿರುಗಿದವಳು ಈ ಕಡೆ ಮುಖ ಮಾಡಲೊಲ್ಲಳು.

ಫಿಸಿಯೋಥೆರಪಿಯ ಅಕ್ಷತ ಬಂದು ನೋಡಿದಳು. "ಮಲಗಿದಷ್ಟೂ ಮೂಳೆ ಸವೆಯುತ್ತೆ ಅಜ್ಜಿ. ಭಾರ ಬಿದ್ರೇನೇ ಅದು ಗಟ್ಟಿ ಆಗೋದು. ನಡೆಯೋಕಾಗ್ದಿದ್ರೆ ಕಾಲಿಗೆ ಒಂಚೂರು ಭಾರ ಕಟ್ಕೊಂಡು ಕೂತಲ್ಲೇ ಕಾಲೆತ್ತಿ. ಏನಾದ್ರೂ ಹಿಡ್ಕೊಂಡು ನಿಂತ್ಕೊಳ್ಳಿ, ಆದ್ರೆ ಪಕ್ಕದಲ್ಲಿ ಯಾರಾದ್ರೂ ಇರ್ಲೇಬೇಕು."

ಕಾಲಿಗೆ ಕಟ್ಟುವ ಭಾರಕ್ಕೆ ಜ್ಯೋತಿ ಅಂಗಡಿ ಹುಡುಕಲಿಲ್ಲ. ಗಾರ್ಮೆಂಟ್ಸಿನಲ್ಲಿ ಹೊಲಿಯುವವಳಿಗೆ ಚೀಲ ಯಾವ ಲೆಕ್ಕ! ಹೂಬಟ್ಟೆಯ ತುಂಡು ಹೊಲಿದು ಕಣಜದ ರಾಗಿ ತುಂಬಿದಳು.

"ತಿನ್ನೋ ಅನ್ನಾನ ಕಾಲಿಗೆ ಕಟ್ತೀಯಲ್ಲೇ ಪಾಪಿ!" ಎಂದು ಅಮ್ಮಯಮ್ಮ ಹೌಹಾರಿದಳು. ಕೊನೆಗೆ ಅವಳೇ ಒಂದು ದಾರಿ ಕಂಡುಕೊಂಡಳು. ದಿನಾ ಚೀಲವನ್ನು ಕಣ್ಣಿಗೊತ್ತಿಕೊಂಡು, "ತಪ್ಪಾಯ್ತು ತಾಯಿ," ಎಂದು ಕೆನ್ನೆ ಬಡಿದುಕೊಂಡ ಮೇಲೆಯೇ ಕಾಲು ಚಾಚುತ್ತಿದ್ದಳು.

ಮೊದಲು ಎಳೆಬಿಸಿಲಲ್ಲಿ ಜಗಲಿ. ಆಮೇಲೆ ಮೊಸರು, ಮಾತ್ರೆ. ಆಮೇಲೆ ಕಿಟಕಿಯ ಸರಳು ಹಿಡಿದು ನಿಲ್ಲುವುದು. "ಹಿಮ್ಮಡಿ ಊರಿ ಅತ್ತೆ, ಬೆನ್ನು ನೆಟ್ಟಗೆ," ಎಂದು ಜ್ಯೋತಿ ಹೇಳಿದರೆ, ಮುದುಕಿ ಅವಳ ತವರಿನವರನ್ನೆಲ್ಲ ಜಾಲಾಡುತ್ತಾ ನಿಲ್ಲುತ್ತಿದ್ದಳು. ಕೆಲವು ದಿನ ಅತ್ತೂಬಿಡುತ್ತಿದ್ದಳು. ಆ ಅಳು ಹೊಲಿಗೆ ಮಿಷನ್ನಿನ ಸದ್ದಿನಲ್ಲೂ ಜ್ಯೋತಿಗೆ ಕೇಳುತ್ತಿತ್ತು.

*

"ಬಿಚ್ಚೇ ಮೊದ್ಲು! ಮಣ್ಣಿಗೋಗೋ ಮೈಮೇಲೆ ಗಂಟು ಇರ್ಬಾರ್ದು," ಎಂದಳು ವರಲಕ್ಷ್ಮಮ್ಮ.

ಜ್ಯೋತಿ ಬಗ್ಗಿದಳು. ಎಳೆದರೆ ಬಿಚ್ಚಿಕೊಳ್ಳುವ ಗಂಟು ಅವಳದು. ಇದು ಹಸುವನ್ನು ಗೂಟಕ್ಕೆ ಕಟ್ಟುವಂಥದ್ದು. "ಇದು ನಾನ್ ಹಾಕೋ ಗಂಟಲ್ಲ," ಎಂದಳು ಮೆಲ್ಲಗೆ.

"ನಂದು ಕಣವ್ವ," ಎಂದಳು ಪಕ್ಕದ ಮನೆಯ ಲಕ್ಕಮ್ಮ. ಹಗಲೆಲ್ಲ ಅಮ್ಮಯಮ್ಮನ ಜೊತೆಗಿರುತ್ತಿದ್ದವಳು ಅವಳೇ. "ಜ್ಯೋತೀನ ಅನ್ಬ್ಯಾಡ ವರಲಕ್ಷ್ಮಿ. ಇವ್ಳು ಅತ್ಲಾಗೆ ವ್ಯಾನ್ ಹತ್ತಿದ್ರೆ, ನಿಮ್ಮವ್ವ ಇತ್ಲಾಗೆ ತಿರ್ಗಾ ಚೀಲ ಕಣ್ಣಿಗೊತ್ಕೊಳ್ಳೋಳು. ಕಟ್ಟೇ ಲಕ್ಕಿ, ಅನ್ನೋಳು."

"ಯಾಕೆ?" ಎಂದಳು ವರಲಕ್ಷ್ಮಮ್ಮ.

"ಸಂಜೆ ವ್ಯಾನಿನ ಹಾರನ್ ಕೇಳಿದ್ರೆ ತಾನೇ ಎದ್ದೋಗಿ ಬಾಗ್ಲು ತೆಗೀಬೇಕಂತೆ. ದಣ್ಕೊಂಡ್ ಬರೋ ಮಗೀಗೆ ಮುಚ್ಚಿದ್ ಬಾಗ್ಲು ಕಾಣ್ಬಾರ್ದು ಕಣೇ, ಅನ್ನೋಳು. ನಿನ್ನೆ ನನ್ ತೋಳು ಹಿಡ್ಕೊಂಡು ಬಾಗ್ಲುಗಂಟ ಹೋಗಿ ಚಿಲ್ಕ ಮುಟ್ಬಿಟ್ಲು! ಜ್ಯೋತಿಗೆ ಹೇಳ್ಬ್ಯಾಡ, ನಾಳೆ ನಾನೇ ತೋರಿಸ್ತೀನಿ ಅಂತ ನಕ್ಕೊಂಡು ಕುರ್ಚೀಲಿ ಕೂತ್ಲು. ನೀರು ತರೋದ್ರೊಳ್ಗೆ..." ಲಕ್ಕಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. "ಬಿಚ್ಚೋದ್ ಮರ್ತೇಬಿಟ್ಟೆ ಕಣವ್ವ."

ಜ್ಯೋತಿ ಅತ್ತೆಯ ಪಾದಗಳ ಮೇಲೆ ತಲೆಯಿಟ್ಟು ಬೆಳಗಿನಿಂದ ತಡೆದದ್ದನ್ನೆಲ್ಲ ಅತ್ತಳು. ಒದ್ದೆ ಗಂಟನ್ನು ವರಲಕ್ಷ್ಮಮ್ಮನೇ ಉಗುರಿನಿಂದ ಬಿಡಿಸಿದಳು. ಬಿಡಿಸಿ, ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡಳು.

*

ಮಗ, ಜ್ಯೋತಿಯ ಗಂಡ ಕೆಂಪರಾಜ್ ಮುಂದೆ, ಊರು ಹಿಂದೆ, ಹೆಣ ಹೊರಟಿತು. ತೋಟದ ಮೂಲೆಯಲ್ಲಿ ಹಿಡಿ ಮಣ್ಣು ಹಾಕಿ ಹೆಂಗಸರು ಗಂಡಸರಿಗಿಂತ ಮುಂಚೆ ಹಿಂದಿರುಗಿದರು. ಮಂಡಿನೋವಿನ ವರಲಕ್ಷ್ಮಮ್ಮ ಬದುವಿನ ಮೇಲೆ ನಡೆಯಲಾರದೆ ಮನೆಯಲ್ಲೇ ಹೆಣವಿಟ್ಟಿದ್ದ ಜಾಗದ ದೀಪ ಕಾಯುತ್ತಿದ್ದಳು.

ಮಣ್ಣು ಮಾಡಿ ಬಂದವರು ಆ ದೀಪ ನೋಡಬೇಕೆಂದು ಜ್ಯೋತಿ ಕಾಲು ತೊಳೆದು ಜಗಲಿ ಹತ್ತಿದಳು. ಗಾಳಿಗೆ ದೀಪ ಆರೀತೆಂದು ಬಾಗಿಲು ಮುಂದೆ ಮಾಡಿತ್ತು. ತಳ್ಳಿದರೆ ತೆರೆಯುವ ಬಾಗಿಲು. ಜ್ಯೋತಿಯ ಕೈ ಮೇಲೇಳಲಿಲ್ಲ.

ಕಿಟಕಿಯಲ್ಲಿ ಒಳಗಿನ ಗೂಟ ಕಾಣುತ್ತಿತ್ತು. ಒದ್ದೆ ಚೀಲವನ್ನು ಯಾರೋ ಅದಕ್ಕೆ ಸಿಕ್ಕಿಸಿದ್ದರು. ಒಳಗೆ ಬಳೆ ಸದ್ದಾಯಿತು. ನೆಲದಿಂದ ಏಳಲಾರದೆ ಏಳುತ್ತಾ ಒಂದು ಕೈ ಕಿಟಕಿಯ ಸರಳನ್ನು ಹಿಡಿಯಿತು, ಅಮ್ಮಯಮ್ಮ ಹಿಡಿದೂ ಹಿಡಿದೂ ಬಣ್ಣ ಹೋದ ಜಾಗದಲ್ಲೇ.

"ಹಿಮ್ಮಡಿ ಊರಿ ಅಕ್ಕ," ಎಂದಳು ಜ್ಯೋತಿ ಹೊರಗಿನಿಂದ. "ನಿಧಾನ."

"ಬಂದೆ ಇರವ್ವ, ಬಂದೆ."

ಎಳೆದು ಹಾಕುವ ಹೆಜ್ಜೆ ಹತ್ತಿರವಾಯಿತು. ಚಿಲಕ ಅಲ್ಲಾಡಿತು. ಬಾಗಿಲು ಒಳಗಿನಿಂದ ತೆರೆಯಿತು.