ಹುಲ್ಲು ಬಿಡುವ ದಿನ

ಚಳಿಗಾಲದಲ್ಲಿ ನಮ್ಮ ತಿಝಿ ವಾದು ನೋಡಿದವರು ಬೇಸಿಗೆಯಲ್ಲಿ ಬಂದರೆ ಇದೇ ಊರಾ ಎಂದು ಕೇಳುತ್ತಾರೆ. ಹಿಮವಿದ್ದಾಗ ಮರಾಕೆಶ್‌ನಿಂದ ಇಲ್ಲಿಯವರೆಗೂ ಕಾರುಗಳ ಸಾಲು. ಹಿಮ ಕರಗಿತೋ, ಹೋಟೆಲುಗಳಿಗೆ ಬೀಗ. ಹಿಮದ ಮೇಲೆ ಜಾರುವವರನ್ನು ಬೆಟ್ಟಕ್ಕೆ ಏರಿಸುವ ಕುರ್ಚಿಗಳು ತಂತಿಗೆ ನೇತುಬಿದ್ದು ಗಾಳಿಗೆ ಕಿರ್ರೆನ್ನುತ್ತಿರುತ್ತವೆ. ನನ್ನ ವಸತಿಯ ನಾಲ್ಕು ಕೋಣೆಗಳಲ್ಲಿ ಎರಡರಲ್ಲಿ ಆಗ ಈರುಳ್ಳಿ ಹರಡಿರುತ್ತೇನೆ.

ಹಾಗಾಗಿ ಆಗಸ್ಟ್ ನಾಲ್ಕಕ್ಕೆ ಬಾಡಿಗೆ ಕಾರಿನಿಂದ ಗಂಡಹೆಂಡತಿ ಇಳಿದಾಗ ನಾನು ಈರುಳ್ಳಿ ಗುಡಿಸಬೇಕಾಯಿತು.

"ಕಾಸಾಬ್ಲಾಂಕಾದಲ್ಲಿ ಸೆಕೆ ಅಂದ್ರೆ ಸೆಕೆ ತಾಯಿ! ಐದು ದಿನ ಗಾಳಿ ಕುಡಿದು ಹೋಗೋಣ ಅಂತ ಬಂದ್ವಿ," ಎಂದರು ಗಂಡ. "ಬಾಡಿಗೆ ಬೇಸಿಗೇದು ತಾನೆ? ಹಿಮದ ದುಡ್ಡು ಹಿಮ ಇದ್ದಾಗ ತಗೊಳ್ಳಿ."

ಹೆಸರು ಮೆಕ್ಕಿ; ಗಂಡಸರಿಗೆ ಸಿ, ಹೆಂಗಸರಿಗೆ ಲಲ್ಲಾ ಎನ್ನುವುದು ನಮ್ಮ ಮರ್ಯಾದೆ. ರೈಲಿನಲ್ಲಿ ಟಿಕೆಟ್ ನೋಡುತ್ತಿದ್ದು ನಿವೃತ್ತರಾದವರು. ಹೆಂಡತಿ ಲಲ್ಲಾ ಝೊಹ್ರಾ ಮಂಡಿ ನೋವಿಗೆ ಕೋಲೂರಿಕೊಂಡು ನಿಂತು, ಕಾರು ನಿಲ್ಲಿಸುವ ಖಾಲಿ ಬಯಲನ್ನೇ ನೋಡುತ್ತಿದ್ದರು. ಆ ನಿಲುವಿನಿಂದ ನನಗೆ ಗುರುತು ಹತ್ತಿತು. ಫೆಬ್ರುವರಿಯಲ್ಲಿ ಮೂರು ದಿನ ಅದೇ ಬಯಲಿನಲ್ಲಿ ಮಗನ ಕಾರಿನ ಪಕ್ಕ ಇವರು ಹೀಗೆಯೇ ನಿಂತಿದ್ದರು. ಬದರ್, ಒಬ್ಬನೇ ಮಗ, ಇಪ್ಪತ್ತಾರು ವರ್ಷ. ಸಂಜೆ ಒಬ್ಬನೇ ಮೇಲೆ ಹೋದ, ಬಿರುಗಾಳಿ ಎದ್ದಿತು, ಇಳಿದು ಬರಲಿಲ್ಲ. ಜೆಂಡಾರ್ಮ್‌ಗಳು ಪೊಲೀಸ್ ನಾಯಿಗಳ ಜೊತೆ ಹುಡುಕಿದರು. ಏನೂ ಸಿಗಲಿಲ್ಲ.

ಚಹಾ ಕೊಟ್ಟು ಒಳಗೆ ಬಂದೆ. ನನ್ನ ಗಂಡ ಬಿಹಿ ಒಲೆಯ ಹಿಂದೆ ಅವಿತವನ ಹಾಗೆ ಕೂತಿದ್ದ. ಚಳಿಗಾಲದಲ್ಲಿ ಕುರ್ಚಿ ಯಂತ್ರದ ಬುಡದಲ್ಲಿ ನಿಂತು ಜನರನ್ನು ಕೂರಿಸುವ ಕೆಲಸ ಅವನದು.

"ಅವರೇ," ಎಂದೆ.

"ಗೊತ್ತಾಯ್ತು," ಎಂದ. ಆ ದಿನವೆಲ್ಲ ಹೊರಗೆ ಬರಲಿಲ್ಲ.

ಮಗ ಸತ್ತಿಲ್ಲ ಎಂಬುದು ಸಿ ಮೆಕ್ಕಿಯವರ ನಂಬಿಕೆ. ಎರಡು ಸಲ ಸ್ಪೇನಿಗೆ ವೀಸಾ ಕೇಳಿದ್ದನಂತೆ, ಕೊಡಲಿಲ್ಲವಂತೆ. ಸ್ನೇಹಿತನೊಬ್ಬ ಅಲ್ಲಿ ಟೊಮೆಟೊ ತೋಟದಲ್ಲಿದ್ದಾನಂತೆ. "ಕಾರು ಇಲ್ಲಿ ಬಿಟ್ಟು ಇನ್ನೊಂದು ಕಡೆಯಿಂದ ಇಳಿದು ಹೋದ ಭೂಪ. ದೋಣಿ ಹತ್ತಿದ್ದಾನೆ. ನಾಚಿಕೆಗೆ ಫೋನ್ ಮಾಡಲ್ಲ. ಮೂವತ್ತು ವರ್ಷ ಟಿಕೆಟಿಲ್ಲದವರನ್ನ ಹಿಡಿದವನು ನಾನು ತಾಯಿ, ಓಡೋರ ಬುದ್ಧಿ ನನಗೆ ಗೊತ್ತಿಲ್ವಾ?" ಬೆಳಗ್ಗೆ ದುರ್ಬೀನು ಕೊರಳಿಗೆ ಹಾಕಿಕೊಂಡು ದಿಬ್ಬದ ದಾರಿ ಹತ್ತುತ್ತಿದ್ದರು. ಮಧ್ಯಾಹ್ನ ಇಳಿದು ಬಂದು, ಗೆದ್ದವರ ದನಿಯಲ್ಲಿ, "ಇಲ್ಲ! ಏನೂ ಇಲ್ಲ!" ಎನ್ನುತ್ತಿದ್ದರು. ರೊಟ್ಟಿ ಎಣ್ಣೆ ಚೆನ್ನಾಗಿ ತಿನ್ನುತ್ತಿದ್ದರು.

ಲಲ್ಲಾ ಝೊಹ್ರಾ ನನ್ನ ಜೊತೆ ಅಡುಗೆಮನೆಯಲ್ಲಿ ಕೂತು ಬೇಳೆಯ ಕಲ್ಲು ಆರಿಸುತ್ತಿದ್ದರು.

"ಎಲ್ಲಾ ಕಡೆ ನೋಡ್ತಾರೆ ಫಾದ್ಮಾ, ಉತ್ತರದ ಕೊರಕಲು ಒಂದು ಬಿಟ್ಟು," ಎಂದರು ಎರಡನೆಯ ದಿನ. "ಅದರ ಕಡೆ ದುರ್ಬೀನು ತಿರುಗಿಸಲ್ಲ. ನಾನು ಕಿಟಕೀಲಿ ಕೂತು ನೋಡಿದೀನಿ."

ಆ ಕೊರಕಲಿಗೆ ಬಿಸಿಲು ಬೀಳುವುದಿಲ್ಲ. ಜೆಂಡಾರ್ಮ್‌ಗಳು ಮೇ ತಿಂಗಳಲ್ಲಿ ಮತ್ತೆ ಬಂದಾಗ ಅಲ್ಲಿ ಎರಡಾಳು ಹಿಮವಿತ್ತು. ಜುಲೈ ಕೊನೆಗೆ ಕರಗಿ, ಈಗ ಕಪ್ಪು ಬಾಯಿ ತೆರೆದುಕೊಂಡಿತ್ತು.

"ಇಷ್ಟು ಹುಲ್ಲಿದೆ, ಒಂದು ಕುರೀನೂ ಇಲ್ಲವಲ್ಲ? ಕುರುಬರಿದ್ದಿದ್ದರೆ ಯಾರಾದ್ರೂ ನೋಡಿರೋರು."

"ಹುಲ್ಲಿಗೆ ಬೀಗ ಹಾಕಿದೆ ಲಲ್ಲಾ. ಮಾರ್ಚಿನಿಂದ ಆಗಸ್ಟ್ ಹತ್ತರವರೆಗೆ ಕುರಿ ಕಾಲಿಡೋ ಹಾಗಿಲ್ಲ, ಕುಡುಗೋಲು ಹಾಕೋ ಹಾಗಿಲ್ಲ. ದಾರಿ ಬಿಟ್ಟು ನಾವೂ ಇಳಿಯೋ ಹಾಗಿಲ್ಲ. ಅಜ್ಜನ ಅಜ್ಜನ ಕಾಲದ ಕಟ್ಟಳೆ. ಹತ್ತನೇ ತಾರೀಖು ಹಿರಿಯರು ಬಿಟ್ಟ ಮೇಲೆ ಎಲ್ಲಾ ಹಳ್ಳಿಯವರೂ ಒಟ್ಟಿಗೆ ನುಗ್ತಾರೆ."

ಹುಲ್ಲಿನ ಕಾವಲುಗಾರ ಹಮ್ಮು ಚಹಾಕ್ಕೆ ಬಂದಾಗ, ಕೊರಕಲಿಗೆ ಒಬ್ಬರನ್ನು ಬಿಡಬಹುದೇ ಎಂದು ಅವರು ಅವನನ್ನೇ ಕೇಳಿದರು. ಹಮ್ಮು ಒರಟ. "ಏನು ಫಾದ್ಮಾ, ಚಹಾನೋ ಕುರಿ ತೊಳೆದ ನೀರೋ?" ಎಂದು ಶುರುಮಾಡಿದವನು ಅವರ ಪ್ರಶ್ನೆ ಕೇಳಿ ಲೋಟ ಕೆಳಗಿಟ್ಟ.

"ತಾಯಿ, ಒಬ್ಬರನ್ನ ಬಿಟ್ರೆ ನಾಳೆ ನಲವತ್ತು ಜನ ಬರ್ತಾರೆ, ಚೀಲದಲ್ಲಿ ಕುಡುಗೋಲು ಇಟ್ಕೊಂಡು. ಐದು ದಿನ ತಡೀರಿ. ಆಮೇಲೆ ನೂರಾರು ಮಂದಿ, ಅಷ್ಟೇ ನಾಯಿಗಳು. ನೋಡದೇ ಇರೋ ಕಲ್ಲೇ ಇರಲ್ಲ."

ಅವನು ಸಮಾಧಾನಕ್ಕೆಂದೇ ಹೇಳಿದ್ದು. ಆದರೆ ಅವರು ಬೇಳೆ ಬಿಟ್ಟು ನನ್ನ ಕೈ ಹಿಡಿದುಕೊಂಡರು.

"ನಾಯಿಗಳು," ಎಂದರು. "ಫಾದ್ಮಾ, ನಾಯಿಗಳು ಮೊದಲು ಹೋಗಬಾರದು."

ಆ ರಾತ್ರಿಯಿಂದ ಅವರಿಗೆ ಅದೊಂದೇ ಚಿಂತೆ. ಹತ್ತರ ಬೆಳಗ್ಗೆ ನಾಯಿಗಳಿಗಿಂತ ಮುಂಚೆ ಯಾರಾದರೂ ಮನುಷ್ಯರು ಆ ಕೊರಕಲಿಗೆ ಹೋಗಬೇಕು. ನಾನು ಹೂಂ ಎನ್ನಲಿಲ್ಲ. ಹುಲ್ಲು ಬಿಡುವ ಬೆಳಗ್ಗೆ ನಮ್ಮವರೆಲ್ಲ ಓಡುವುದು ನೀರಿನ ಊಟೆಯ ಕಡೆಗೆ. ನೀರಿನ ಹತ್ತಿರದ ಕಲ್ಲುಗುಡಿಸಲನ್ನು ಮೊದಲು ಮುಟ್ಟಿದವರಿಗೆ ಮತ್ತೆ ಹಿಮ ಬೀಳುವವರೆಗೂ ಆ ಜಾಗ. ಹಿಂದೆ ಬಿದ್ದವರ ಕುರಿ ಮುಳ್ಳು ಮೇಯಬೇಕು. ಕೊರಕಲಲ್ಲಿ ಇರುವುದು ಬರೀ ಕಲ್ಲು. ಅಂಥ ಹೊತ್ತಿನಲ್ಲಿ ಯಾರು ಹೋಗುತ್ತಾರೆ?

ಸಿ ಮೆಕ್ಕಿಯವರಿಗೆ ಉಳಿಯಲು ಇಷ್ಟವಿರಲಿಲ್ಲ. ಗೋಡೆಯಾಚೆಯಿಂದ ಅವರ ಜಗಳ ಕೇಳುತ್ತಿತ್ತು.

"ಐದು ದಿನ ಅಂತ ಮಾತಾಗಿತ್ತು."

"ನೀವು ಹೋಗಿ. ನಾನಿರ್ತೀನಿ."

"ಅವನು ಫೋನ್ ಮಾಡಿದ್ರೆ ಮನೇಲಿ ಯಾರಿರ್ತಾರೆ?"

"ಮೆಕ್ಕಿ, ಆರು ತಿಂಗಳು ಆ ಫೋನಿನ ಮುಂದೆ ಕೂತಿದ್ದೀರಿ. ನನಗೆ ಒಂದು ಹಿಡಿ ಮಣ್ಣು ಹಾಕೋ ಜಾಗ ಬೇಕು. ಅಷ್ಟೇ ಕೇಳ್ತಿರೋದು."

ಕೊನೆಗೆ ಹತ್ತರ ಮಧ್ಯಾಹ್ನ ಎರಡಕ್ಕೆ ಕಾರು ಬರಲಿ ಎಂದು ಒಪ್ಪಂದವಾಯಿತು. ಅಲ್ಲಿಗೆ ಲಲ್ಲಾ ಝೊಹ್ರಾರ ಪಾಲಿಗೆ ಉಳಿದದ್ದು ಒಂದು ಬೆಳಗ್ಗೆ.

ಒಂಬತ್ತರ ಸಂಜೆ ಹಿಂಡುಗಳು ಗಡಿಕಲ್ಲುಗಳ ಬಳಿ ಬಂದು ಸೇರಿದವು. ಧೂಳು, ಬೊಗಳಾಟ, ಹೆಂಗಸರ ಕೂಗಾಟ. ನಮ್ಮ ಇಪ್ಪತ್ತೆರಡು ಕುರಿಗಳನ್ನು ಭಾವ ಕೆಳಗಿನ ಹಳ್ಳಿಯಿಂದ ತಂದುಕೊಟ್ಟ. "ಈ ಸಲವಾದ್ರೂ ಓಡು ಬಿಹಿ, ಹೋದ ವರ್ಷದ ಹಾಗೆ ಮದುಮಗಳ ನಡಿಗೆ ನಡೀಬೇಡ," ಎಂದು ಯಾರೋ ರೇಗಿಸಿದರು. ಬಿಹಿ ನಗಲಿಲ್ಲ.

ಬೆಳಗ್ಗೆ ಹಿರಿಯರು ಪ್ರಾರ್ಥನೆ ಮುಗಿಸಿ ಕೈಯೆತ್ತಿದ ಕೂಡಲೇ ಬೆಟ್ಟವೇ ಕದಲಿದ ಹಾಗಾಯಿತು. ಸಾವಿರಾರು ಗೊರಸು ಒಂದೇ ಕಡೆಗೆ. ನಾನು, ಲಲ್ಲಾ ಝೊಹ್ರಾ, ಸಿ ಮೆಕ್ಕಿ ರಸ್ತೆಯ ಅಂಚಿನಲ್ಲಿ ನಿಂತಿದ್ದೆವು. ಬಿಹಿ ನಮ್ಮ ನಾಯಿಯ ಕೊರಳಿಗೆ ಹಗ್ಗ ಬಿಗಿದು, ಎಲ್ಲರೂ ಎಡಕ್ಕೆ ಓಡುವಾಗ ತಾನೊಬ್ಬ ಬಲಕ್ಕೆ ತಿರುಗಿದ. ಹಿಂದೆ ನಮ್ಮ ಕುರಿಗಳು. ನನಗೆ ಒಂದು ಮಾತೂ ಹೇಳಿರಲಿಲ್ಲ.

ಸಿ ಮೆಕ್ಕಿ ಧಾವಿಸಿ ಹೋಗಿ ಅವನಿಗೆ ಅಡ್ಡ ನಿಂತರು.

"ಆ ಕಡೆ ಎಲ್ಲಿಗೆ? ಬರೀ ಕಲ್ಲಿದೆ ಅಲ್ಲಿ. ನಿನ್ನ ಕುರಿ ಕಲ್ಲು ತಿನ್ನುತ್ವಾ?"

"ದಾರಿ ಬಿಡಿ ಸಿ ಮೆಕ್ಕಿ."

"ಅವಳು ದುಡ್ಡು ಕೊಟ್ಳಾ? ನಾನು ಎರಡರಷ್ಟು ಕೊಡ್ತೀನಿ. ನೀರಿನ ಕಡೆ ಹೋಗು. ಓಡು, ಇನ್ನೂ ಹೊತ್ತಿದೆ."

ಬಿಹಿ ತಲೆ ತಗ್ಗಿಸಿದ. "ಕೊನೇ ಕುರ್ಚೀಲಿ ಅವನನ್ನ ಕೂರಿಸಿದ್ದು ನಾನು. ಮೋಡ ಇಳೀತಿತ್ತು. ಯಂತ್ರ ನಿಲ್ಲಿಸೋಕೆ ಕೈ ಇಟ್ಟಿದ್ದೆ. 'ಮಾವಾ, ಒಂದೇ ಒಂದು ಸಲ' ಅಂದ. ಕೂರಿಸಿದೆ. ಆ ಕೊರಕಲಿನ ಕಡೆಗೇ ಜಾರಿದ್ದು ನೋಡ್ದೆ. ಆಮೇಲೆ ಹಿಮ ಮುಚ್ಚಿತು. ಜೆಂಡಾರ್ಮ್‌ಗಳಿಗೆ 'ನನಗೆ ಏನೂ ಕಾಣಲಿಲ್ಲ' ಅಂದೆ. ಕೆಲಸ ಹೋಗುತ್ತೆ ಅಂತ ಹೆದರಿದ್ದೆ."

ಹದಿನೆಂಟು ವರ್ಷ ಜೊತೆಗೆ ಉಂಡು ಮಲಗಿದ ನನಗೂ ಅದು ಆಗಲೇ ಗೊತ್ತಾದದ್ದು. ಆರು ತಿಂಗಳಿಂದ ಅವನು ಆ ದಿಕ್ಕಿಗೆ ತಲೆ ಎತ್ತದಿದ್ದುದನ್ನು ಕತ್ತಿನ ಉಳುಕೆಂದುಕೊಂಡು ಎಣ್ಣೆ ತಿಕ್ಕಿದವಳು ನಾನು.

ಸಿ ಮೆಕ್ಕಿ ಕೈಯೆತ್ತಿದರು, ಹೊಡೆಯುತ್ತಾರೆಂದುಕೊಂಡೆ. ಕೈ ಹಾಗೇ ನಿಂತು ಇಳಿಯಿತು. ಬಿಹಿ ಅವರನ್ನು ಬಳಸಿಕೊಂಡು ಮುಂದೆ ನಡೆದ. ಸ್ವಲ್ಪ ಹೊತ್ತಿನ ಮೇಲೆ ಅವರೂ ಅವನ ಹಿಂದೆ ಹೊರಟರು. ದುರ್ಬೀನು ಎದೆಗೆ ಬಡಿಯುತ್ತಿತ್ತು, ಅದನ್ನು ಹಿಡಿದುಕೊಳ್ಳಲೂ ಇಲ್ಲ.

ಲಲ್ಲಾ ಝೊಹ್ರಾ ರಸ್ತೆಯ ಕಲ್ಲಿನ ಮೇಲೆ ಕೂತರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ರೊಟ್ಟಿ ತಂದೆ, ಚಹಾ ತಂದೆ, ಮತ್ತೆ ಬಿಸಿಮಾಡಿ ತಂದೆ.

"ಸಾಕು, ಕೂತ್ಕೋ," ಎಂದು ನನ್ನ ತೋಳು ಎಳೆದರು. "ನೀನೇನು ಮಾಡಿದೀಯ?" ಇಬ್ಬರೂ ಕೂತೆವು. ಊಟೆಯ ಕಡೆಯಿಂದ ಜಾಗ ಗೆದ್ದವರ ಕೇಕೆ ಕೇಳುತ್ತಿತ್ತು.

ಹತ್ತೂವರೆಗೆ ಬಿಹಿ ಒಬ್ಬನೇ ಬಂದ. ಹತ್ತಿರ ಬರುವ ಮೊದಲೇ ಅವರಿಗೆ ತಿಳಿಯಿತು. "ನಾಯಿ ಮುಟ್ಟಿತಾ?" ಎಂದಷ್ಟೇ ಕೇಳಿದರು.

"ಇಲ್ಲ ತಾಯಿ. ಯಾವುದೂ ಮುಟ್ಟಿಲ್ಲ. ಮಲಗಿದ ಹಾಗೆ ಇದ್ದಾನೆ, ಬಂಡೆಯ ಅಡಿ."

ಸಿ ಮೆಕ್ಕಿ ಅಲ್ಲೇ ಉಳಿದಿದ್ದರು. ಮಗನ ಕೋಟಿನ ಒಳಜೇಬಿನಲ್ಲಿ ಪಾಸ್‌ಪೋರ್ಟ್ ಇತ್ತಂತೆ. ಅದನ್ನು ತೊಡೆಯ ಮೇಲಿಟ್ಟುಕೊಂಡು, ನೀರು ಕುಡಿದು ಅಂಟಿಕೊಂಡ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದರಂತೆ. ಯಾವ ಗಡಿಯ ಮುದ್ರೆಯೂ ಇರಲಿಲ್ಲ. ಕೊನೆಯ ಹಾಳೆ ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರುಮಾಡಿದರಂತೆ.

ಜೆಂಡಾರ್ಮ್‌ಗಳು ಬಂದರು. ಬಿಹಿ ಎಲ್ಲ ಹೇಳಿ ಹೆಬ್ಬೆಟ್ಟು ಒತ್ತಿದ. ಸಂಜೆ ನಾಲ್ಕಕ್ಕೆ ಶವ ಒಯ್ಯುವ ಬಿಳಿ ವಾಹನ ಹೊರಡಲು ನಿಂತಿತು. ಊರವರೆಲ್ಲ ಬಂದಿದ್ದರು. ಗೆದ್ದ ಜಾಗವನ್ನು ಹೆಂಗಸರಿಗೆ ಒಪ್ಪಿಸಿ ಗಂಡಸರು ಇಳಿದು ಬಂದಿದ್ದರು. ನಮ್ಮ ಕುರಿಗಳನ್ನು ಹಮ್ಮು ಹುಡುಕಿ ಒಟ್ಟುಮಾಡಿದ್ದ, ಚಹಾದ ಮಾತೆತ್ತಲಿಲ್ಲ.

ಲಲ್ಲಾ ಝೊಹ್ರಾ ನನ್ನನ್ನು ತಬ್ಬಿಕೊಂಡರು, ಬಿಹಿಯ ತಲೆಯ ಮೇಲೆ ಕೈಯಿಟ್ಟರು. ಸಿ ಮೆಕ್ಕಿ ಅವನ ಕಡೆ ನೋಡಲಿಲ್ಲ. ಮಗನ ಪಕ್ಕ ಕೂರಲು ವಾಹನದ ಹಿಂಬದಿ ಹತ್ತಿದರು. ಬಾಗಿಲು ಮುಚ್ಚುವಾಗ ಕೈ ಅಡ್ಡ ಹಿಡಿದರು.

"ಬಿಹಿ, ಕುರ್ಚೀಲಿ ಕೂತಾಗ ನಗ್ತಿದ್ನಾ?"

"ನಗ್ತಿದ್ದ ಸಿ ಮೆಕ್ಕಿ. ಬಾಯಿ ತುಂಬಾ ನಗ್ತಿದ್ದ."

ಅವರು ತಲೆಯಾಡಿಸಿದರು. ಬಾಗಿಲು ಮುಚ್ಚಿತು.

ವಾಹನ ತಿರುವು ದಾಟುವವರೆಗೆ ನಿಂತಿದ್ದೆವು. ಆಮೇಲೆ ನಾನು ಕೇಳಿದೆ, "ನಿಜವಾಗ್ಲೂ ನಗ್ತಿದ್ನಾ?"

"ಮುಖಕ್ಕೆಲ್ಲ ಮಫ್ಲರ್ ಸುತ್ತಿಕೊಂಡಿದ್ದ," ಎಂದ ಬಿಹಿ. "ನನಗೆ ಏನೂ ಕಾಣಲಿಲ್ಲ."